ಗೋರಿಗಳ ಪಕ್ಕದ ಚಹಾ

ಪರವೂರಿಗೆ ಹೋದಾಗ ಮನಸ್ಸು ನಾಲ್ಕು ಜನ ಕೂತು ಮಾತಾಡುವ ಜಾಗ ಹುಡುಕುತ್ತದೆ. ಗುಜರಾತ್ 1960ರಲ್ಲಿ ರಾಜ್ಯವಾದಾಗಿನಿಂದಲೂ ಪಾನನಿಷೇಧದ ನಾಡು. ಅಲ್ಲಿ ಆ ಜಾಗವೆಂದರೆ ಚಹಾದಂಗಡಿಯೇ.

ಅಹಮದಾಬಾದಿನ ಲಾಲ್ ದರ್ವಾಜಾ ಬಳಿ ಲಕ್ಕಿ ಎಂಬ ಹೋಟೆಲಿದೆ. ಕಲ್ಲಿನ ಜಾಲಂಧ್ರಕ್ಕೆ ಹೆಸರಾದ, 1573ರ ಸೀದಿ ಸೈಯದ್ ಮಸೀದಿ ಅಲ್ಲೇ ಹತ್ತಿರ. ಹೋಟೆಲಿನ ಒಳಗೆ ಕಾಲಿಟ್ಟವನು ತಡೆದು ನಿಂತೆ. ಮೇಜುಗಳ ನಡುವೆ ಹಳೆಯ ಗೋರಿಗಳು! ಹಸಿರು ಬಣ್ಣ, ಸುತ್ತ ಕಬ್ಬಿಣದ ಕಂಬಿ, ಮೇಲೆ ತಾಜಾ ಹೂವು. ಹಳೆಯ ಸ್ಮಶಾನವಿದ್ದಲ್ಲಿ ಎದ್ದ ಹೋಟೆಲು ಅದು. ಗೋರಿಗಳನ್ನು ಯಾರೂ ಕೀಳಲಿಲ್ಲ. ಮೇಜುಗಳೇ ಪಕ್ಕಕ್ಕೆ ಸರಿದಿವೆ.

"ಆವೋ, ಬೇಸೋ" ಎಂದರು ಹಿರಿಯರೊಬ್ಬರು. ಗುಜರಾತಿ ಬಾರದ ನನಗೂ ಅರ್ಥವಾಯಿತು. ಬನ್ನಿ, ಕೂತ್ಕೊಳ್ಳಿ. ಮಸ್ಕಾ ಬನ್ ಬಂತು, ಗಟ್ಟಿ ಹಾಲಿನ ಚಹಾ ಬಂತು. ಗೋಡೆಯ ಮೇಲೆ ಕಲಾವಿದ ಎಂ. ಎಫ್. ಹುಸೇನರು ಬರೆದ ಚಿತ್ರ. ಇಲ್ಲಿಗೆ ಚಹಾ ಕುಡಿಯಲು ಬರುತ್ತಿದ್ದ ಅವರೇ ಪ್ರೀತಿಯಿಂದ ಕೊಟ್ಟದ್ದು.

ಆದರೆ ನನ್ನ ಕಣ್ಣು ಮತ್ತೆ ಮತ್ತೆ ಹೋದದ್ದು ಮಾಣಿಯ ಕಡೆಗೆ. ಕೈತುಂಬ ಬಿಸಿ ಕಪ್ಪುಗಳು. ಗೋರಿ ಬಂದಲ್ಲಿ ಮೈ ಓರೆ ಮಾಡಿ, ತಾಗದಂತೆ ದಾಟುತ್ತಿದ್ದ. ಪಡಸಾಲೆಯಲ್ಲಿ ಮಲಗಿದ ಅಜ್ಜನನ್ನು ಎಬ್ಬಿಸದೆ ನಾವು ದಾಟುವುದಿಲ್ಲವೇ, ಹಾಗೆ.