ಬಚ್ಚಲಿನ ಪಾಳಿ

(ಚೆಂಬೂರಿನ ಕಾರ್ಮಿಕ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸು, ರಜೆ ಇವುಗಳ ವಿಚಾರವಾಗಿ ನಾವು ಎಷ್ಟೋ ಸಲ ಕೂಡಿ ಮಾತನಾಡಿದ್ದೇವೆ. ಇಂದಿನ ವಿಷಯ ಬಚ್ಚಲು. ಇದನ್ನು ಕೇಳಿ ಕೆಲವರಿಗೆ ನಗು ಬರಬಹುದು. ಆದರೆ ನಮ್ಮ ಸಂಸಾರಗಳಲ್ಲಿ ದಿನದ ಮೊದಲ ಜಗಳ ಎಲ್ಲಿ ಹುಟ್ಟುತ್ತದೆಂದು ನೆನೆದು ನೋಡಿದರೆ ನಗು ತಾನಾಗಿ ನಿಂತೀತು.

ಊರಿನಲ್ಲಿ ನಮಗೆ ಬಚ್ಚಲುಮನೆಯಿತ್ತು. ಒಲೆಯ ಮೇಲೆ ಹಂಡೆ, ಹೊರಗೆ ಬಾವಿ, ಅದರಾಚೆ ಬಯಲು. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ತಿಕ್ಕಿ ತೊಳೆದು, ಬಳ್ಳಿ ಸುತ್ತಿ ಪೂಜಿಸುತ್ತಿದ್ದೆವು. ಅಲ್ಲಿಂದ ಮುಂಬಯಿಗೆ ಬಂದ ನಮಗೆ ಸಿಕ್ಕಿದ್ದು ಖೋಲಿಯ ಮೂಲೆಯ ಮೋರಿ, ಓಣಿಯ ಕೊನೆಯ ಸಂಡಾಸು. 1920ರ ದಶಕದಲ್ಲಿ ಸರಕಾರ ಕಟ್ಟಿಸಿದ ಬಿಡಿಡಿ ಚಾಳುಗಳಲ್ಲಿ ಒಂದೊಂದು ಖೋಲಿ 160 ಚದರ ಅಡಿ; ಸಂಡಾಸು ಎಲ್ಲರಿಗೂ ಸೇರಿದ್ದು. ಹೋಟೆಲಿನಲ್ಲಿ ದುಡಿದವರಿಗೆ ಅಷ್ಟೂ ಇರಲಿಲ್ಲ. ರಾತ್ರಿ ಮೇಜಿನ ಮೇಲೆ ಮಲಗಿ, ಗಿರಾಕಿ ಬರುವ ಮುಂಚೆ ನಳದಡಿ ಎರಡು ಡಬ್ಬಿ ನೀರು ಸುರಿದುಕೊಂಡರೆ ಅದೇ ಸ್ನಾನ.

ಕಾಲ ಬದಲಾಗಿದೆ. 2025ರ ಆಗಸ್ಟ್ ತಿಂಗಳಲ್ಲಿ ವರ್ಲಿಯ ಬಿಡಿಡಿ ಚಾಳಿನ ಮೊದಲ ತಂಡದ ಸಂಸಾರಗಳಿಗೆ 500 ಚದರ ಅಡಿಯ ಮನೆಗಳ ಕೀಲಿಕೈ ದೊರೆಯಿತು. ನಮ್ಮ ಚೆಂಬೂರಿನಲ್ಲೂ ತಿಲಕನಗರದ ಕಡೆ ಹಳೆಯ ಕಟ್ಟಡಗಳು ಹೋಗಿ ಗೋಪುರಗಳು ಎದ್ದಿವೆ. ಕದವಿರುವ ಬಚ್ಚಲು ಕೆಲವರ ಪಾಲಿಗಾದರೂ ಬಂದಿದೆ. ಸಂತೋಷವೇ. ಆದರೆ ಅವರ ಓಣಿಯ ಜಗಳ ಅಲ್ಲೇ ಉಳಿಯಲಿಲ್ಲ. ಗಂಟುಮೂಟೆಯ ಜೊತೆಗೆ ಮನೆಯೊಳಕ್ಕೆ ಬಂದಿದೆ.

ಒಂದು ಚಿಕ್ಕ ಲೆಕ್ಕ ಹಾಕೋಣ. ಮನೆಯಲ್ಲಿ ಆರು ಜನ, ಬಚ್ಚಲು ಒಂದು. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ತೊಂಬತ್ತು ನಿಮಿಷ. ಸಮನಾಗಿ ಹಂಚಿದರೆ ತಲೆಗೆ ಹದಿನೈದು ನಿಮಿಷ ಬರುತ್ತದೆ. ಯಜಮಾನರು ಒಳಗೆ ಹೋಗಿ ಗಡ್ಡ ಹೆರೆದು, ಹಾಡು ಗುನುಗಿ ಮೂವತ್ತೈದು ನಿಮಿಷಕ್ಕೆ ಹೊರಬರುತ್ತಾರೆ. ಉಳಿದ ಐವರಿಗೆ ಹನ್ನೊಂದೇ ನಿಮಿಷ. ಮುದುಕರು ಕಾಯಲಾರರು, ಮಕ್ಕಳಿಗೆ ಶಾಲೆ, ಹಿರಿಮಗನಿಗೆ ಗಾಡಿ. ಕೊನೆಗೆ ಯಾರ ಪಾಳಿ ಹಾರಿತು? ಚಾ ಕಾಸಿ ಡಬ್ಬಿ ಕಟ್ಟಿ ಎಲ್ಲರನ್ನೂ ಕಳುಹಿಸಿದ ತಾಯಿಯದು. ಆ ಹೊತ್ತಿಗೆ ನಳದ ನೀರೂ ನಿಂತಿರುತ್ತದೆ.

ಬಂಧುಗಳೇ, ಹಂಚಿ ಬಾಳುವುದು ನಮಗೆ ತಿಳಿಯದ ವಿದ್ಯೆಯೇ? ಗಿರಣಿಯಲ್ಲಿ ಪಾಳಿ ಬದಲಾಗುವಾಗ ನಾವು ಮಗ್ಗವನ್ನು ಒರೆಸಿ, ಮುಂದಿನವನ ಕೈಗೆ ಒಪ್ಪಿಸಿ ಬರುತ್ತಿದ್ದೆವು. ತಡವಾದರೆ ಇನ್ನೊಬ್ಬನ ಕೆಲಸ ಕೆಡುತ್ತದೆಂದು ಬಲ್ಲವರಾಗಿದ್ದೆವು. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಶಿಸ್ತು ಮುಚ್ಚಬೇಕಾಗಿರಲಿಲ್ಲ. ಹೋಟೆಲಿನಲ್ಲಾದರೂ ಒಬ್ಬ ಗಿರಾಕಿ ಎದ್ದೊಡನೆ ಮೇಜು ಒರೆಸದೆ ಇನ್ನೊಬ್ಬನನ್ನು ಕೂರಿಸುತ್ತೇವೆಯೇ? ಅದೇ ಕೈಗಳು ಮನೆಯ ಬಚ್ಚಲಿನಲ್ಲಿ ಸೋಪಿನ ನೊರೆ, ಕೂದಲು, ಒದ್ದೆ ಬಟ್ಟೆ ಬಿಟ್ಟು ಬರುತ್ತವೆ. ಹೊರಗೆ ಸಂಬಳಕ್ಕೆ ಹಿಡಿದ ಕಸಬರಿಕೆಯನ್ನು ಮನೆಯಲ್ಲಿ ಹಿಡಿದರೆ ನಮ್ಮ ಗಂಡಸುತನ ಕರಗುವುದೇ?

ಇನ್ನು ಸಾಮೂಹಿಕ ಸಂಡಾಸನ್ನೇ ನಂಬಿರುವ ಸಂಸಾರಗಳು ಇಂದಿಗೂ ನಮ್ಮಲ್ಲಿ ಅನೇಕ. ಅಲ್ಲಿಯ ಹೆಂಗಸರು ಬೆಳಕು ಹರಿಯುವ ಮೊದಲೇ ಏಳುತ್ತಾರೆ. ಮತ್ತೆ ಮತ್ತೆ ಸಾಲಿನಲ್ಲಿ ನಿಲ್ಲಬಾರದೆಂದು ಹಗಲೆಲ್ಲ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಹೀಗೆ ಮಾಡಿದರೆ ಮೂತ್ರದ ಸೋಂಕು ತಗಲುವ ಸಂಭವ ಹೆಚ್ಚೆಂದು ವೈದ್ಯರು ಹೇಳುತ್ತಾರೆ. ನಗರದ ಸಾರ್ವಜನಿಕ ಮೂತ್ರಾಲಯಗಳಲ್ಲಿ ಗಂಡಸರಿಗೆ ಪುಕ್ಕಟೆ, ಹೆಂಗಸರಿಗೆ ಕಾಸು ಎಂಬ ಅನ್ಯಾಯ ಬಹುಕಾಲ ನಡೆಯಿತು. ಅದನ್ನು ಎದುರಿಸಿ 2011ರಲ್ಲಿ ಮುಂಬಯಿಯ ಮಹಿಳೆಯರು ‘ರೈಟ್ ಟು ಪೀ’ ಚಳವಳಿ ಆರಂಭಿಸಿದರು. ಚೆಂಬೂರಿನ ಕೋರೋ ಸಂಸ್ಥೆಯೂ ಅದರಲ್ಲಿ ಕೈಜೋಡಿಸಿತು. ಯಾವುದನ್ನು ಬಾಯಿಬಿಟ್ಟು ಹೇಳಲು ನಾಚುತ್ತಿದ್ದರೋ ಅದನ್ನೇ ಅವರು ಪಾಲಿಕೆಯ ಎದುರು ಹಕ್ಕೆಂದು ಕೇಳಿದರು. ಬೀದಿಯಲ್ಲಿ ಅವರು ಕೇಳಿದ್ದನ್ನು ಮನೆಯಲ್ಲಿ ನಾವು ಕೇಳದೆಯೇ ಕೊಡಬೇಡವೇ?

ಜಾಗ ಇಕ್ಕಟ್ಟಾದುದು, ಏಳು ಜಲಾಶಯಗಳ ನೀರು ಬಂದರೂ ನಮ್ಮ ನಳ ಗಂಟೆ ನೋಡಿ ಹರಿಯುವುದು, ಇವು ನಮ್ಮ ತಪ್ಪಲ್ಲ. ಅದಕ್ಕಾಗಿ ಪಾಲಿಕೆಯ ಬಾಗಿಲು ತಟ್ಟೋಣ, ಒಗ್ಗಟ್ಟಾಗಿ ತಟ್ಟೋಣ. ಆದರೆ ಇರುವುದನ್ನು ನ್ಯಾಯವಾಗಿ ಹಂಚುವುದು ನಮ್ಮ ಕೈಯಲ್ಲೇ ಇದೆ.

ಆದುದರಿಂದ ಐದು ಮಾತು ಒಪ್ಪಿಕೊಳ್ಳೋಣ. ಹಿಂದಿನ ರಾತ್ರಿಯೇ ಮರುದಿನದ ಪಾಳಿ ಗೊತ್ತುಮಾಡುವುದು. ಆ ಪಾಳಿಯಲ್ಲಿ ಮನೆಯಾಕೆಯ ಹೆಸರನ್ನು ಮೊದಲು ಬರೆಯುವುದು, ಆಕೆ ಒಳಗಿರುವಾಗ ಒಲೆಯ ಹತ್ತಿರ ನಾವು ನಿಲ್ಲುವುದು. ಗಡ್ಡ, ಹಲ್ಲುಜ್ಜುವುದು ಹೊರಗೆ ಕನ್ನಡಿಯ ಮುಂದೆ ಆಗಲಿ. ಹೊರಬರುವ ಮುನ್ನ ನೆಲಕ್ಕೆ ಒಂದು ತಂಬಿಗೆ ನೀರು ಹಾಕಿ, ಬಾಲ್ದಿ ತುಂಬಿಟ್ಟು ಬರುವುದು. ವಾರಕ್ಕೊಮ್ಮೆ ತಿಕ್ಕಿ ತೊಳೆಯುವ ಕೆಲಸ ಸರದಿಯಂತೆ, ಮೊದಲ ವಾರ ಯಜಮಾನರದು.

ವರ್ಷಕ್ಕೊಮ್ಮೆ ಹಂಡೆಯನ್ನು ಪೂಜಿಸುವ ಜನ ನಾವು. ಅದರಲ್ಲಿ ನೀರು ತುಂಬಿದವಳನ್ನು ದಿನವೂ ಬಾಗಿಲ ಹೊರಗೆ ಕಾಯಿಸುವುದು ಯಾವ ನ್ಯಾಯ? ನಾಳೆ ಬೆಳಿಗ್ಗೆ ಕದದ ಚಿಲಕಕ್ಕೆ ಕೈ ಹಾಕುವ ಮುಂಚೆ ಒಮ್ಮೆ ಹಿಂದಿರುಗಿ ನೋಡಿ, ಯಾರು ನಿಂತಿದ್ದಾರೆಂದು. ಇಷ್ಟೇ ನಮ್ಮ ಬಿನ್ನಹ.