ದಾದಿಯ ಪ್ರಶ್ನೆ, ದಂಪತಿಗಳ ಉತ್ತರ
(ಬನ್ನಂಜೆಯಲ್ಲಿ ನೀಡಿದ ಉಪನ್ಯಾಸ)



ಹೆರಿಗೆಗೆಂದು ಉಡುಪಿ ಅಥವಾ ಮಣಿಪಾಲದ ಆಸ್ಪತ್ರೆಗೆ ಸೇರಿದ ಗರ್ಭಿಣಿಯ ಬಳಿಗೆ ಸಂಜೆಯ ವೇಳೆ ವಿದ್ಯಾರ್ಥಿನಿಯೊಬ್ಬಳು ಪುಸ್ತಕ ಹಿಡಿದು ಬರುವುದುಂಟು. ಆಕೆ ನರ್ಸಿಂಗ್ ಕಲಿಯುತ್ತಿರುವವಳು. ಮರುದಿನ ಆ ತಾಯಿಯ ಶುಶ್ರೂಷೆ ಆಕೆಯ ಪಾಲಿಗೆ ಬಂದಿರುತ್ತದೆ. ಕೇಸ್ ಶೀಟನ್ನೂ ತಾಯಿ ಕಾರ್ಡನ್ನೂ ಓದಿ, ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ, ಔಷಧಿಗಳನ್ನು ಗುರುತು ಹಾಕಿಕೊಂಡು, ಅನಂತರ ತಾಯಿಯನ್ನೇ ಪ್ರಶ್ನಿಸುತ್ತಾಳೆ. "ಡಾಕ್ಟರರು ಕೇಳಿಯಾಯಿತಲ್ಲ, ಇವಳಿಗೇಕೆ ಮತ್ತೆ?" ಎಂದು ಮನೆಯವರು ಬೇಸರಿಸುವರು. ಈ ಬೇಸರ ಸಲ್ಲದು. ಮೊದಲ ಸಲ ಮರೆತದ್ದು ಎರಡನೆಯ ಸಲ ಕೇಳಿದಾಗ ನೆನಪಾಗುವುದುಂಟು.

ಕೇಳುವುದೂ ಒಂದು ವಿದ್ಯೆಯೇ. ರಾತ್ರಿ ಚೆನ್ನಾಗಿ ಕಳೆಯಿತೇ ಎಂದರೆ ಸಾಲದು, ಎಷ್ಟು ಗಂಟೆ ನಿದ್ದೆ ಬಂತು, ಯಾವ ಹೊತ್ತಿನಲ್ಲಿ ಬಂತು ಎಂದು ವಿಚಾರಿಸಬೇಕೆಂದು ಫ್ಲಾರೆನ್ಸ್ ನೈಟಿಂಗೇಲರು 1859ರಷ್ಟು ಹಿಂದೆಯೇ ಬರೆದಿದ್ದಾರೆ. ಉತ್ತರವೂ ಹಾಗೆಯೇ ಖಚಿತವಾಗಿರಬೇಕು. ಕೊನೆಯ ಮುಟ್ಟು ಎಂದಾಯಿತೆಂದರೆ ನಮ್ಮ ಕಡೆಯ ಸ್ತ್ರೀಯರು "ವಿಟ್ಲಪಿಂಡಿ ಕಳೆದ ಮೇಲೆ" ಎನ್ನುವರು. ಅದೂ ಉಪಯುಕ್ತವೇ, ಹಬ್ಬ ಕಳೆದು ಎಷ್ಟನೆಯ ದಿನವೆಂದು ಹೇಳಿದರೆ ತಾರೀಕು ಸಿಕ್ಕುತ್ತದೆ. ಮುಟ್ಟಾದ ಮೊದಲ ದಿನಕ್ಕೆ 9 ತಿಂಗಳು 7 ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ದೊರೆಯುತ್ತದೆ. ಸೆಪ್ಟೆಂಬರ್ 20 ಆಗಿದ್ದರೆ ಜೂನ್ 27.

ಕಠಿಣವಾದ ಪ್ರಶ್ನೆ ಬೇರೆಯಿದೆ. ಹಿಂದೆ ಗರ್ಭ ನಿಂತು ಇಳಿದುಹೋಗಿತ್ತೇ? ಅತ್ತೆ, ನಾದಿನಿಯರ ಎದುರಿನಲ್ಲಿ ಸೊಸೆ "ಇಲ್ಲ" ಎಂದುಬಿಡುವಳು. ಆಕೆಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದು, ಗರ್ಭಪಾತವಾದಾಗ ಆ್ಯಂಟಿ-ಡಿ ಚುಚ್ಚುಮದ್ದು ದೊರೆತಿರದಿದ್ದರೆ, ಆಕೆಯ ಶರೀರದಲ್ಲಿ ಹುಟ್ಟಿಕೊಂಡಿರಬಹುದಾದ ಪ್ರತಿಕಾಯಗಳು ಈಗಿನ ಶಿಶುವಿನ ರಕ್ತಕಣಗಳನ್ನು ನಾಶಮಾಡಬಲ್ಲವು. ಆ ಒಂದು "ಇಲ್ಲ"ದ ಬೆಲೆಯನ್ನು ಮಗು ತೆರಬೇಕಾದೀತು. ಆದುದರಿಂದಲೇ ಚೆನ್ನಾಗಿ ಕಲಿತ ವಿದ್ಯಾರ್ಥಿನಿ ಬಂಧುಗಳನ್ನು ಹೊರಗೆ ಕಳುಹಿಸಿ, ಪರದೆ ಎಳೆದು, ಮೆಲುದನಿಯಲ್ಲಿ ಇದನ್ನು ಕೇಳುತ್ತಾಳೆ. ಗಂಡಂದಿರೇ, ಅಷ್ಟು ಹೊತ್ತು ನಿಮ್ಮ ತಾಯಿಯವರನ್ನು ಹೊರಗಿನ ಬೆಂಚಿನಲ್ಲಿ ಮಾತಿಗೆ ಕೂರಿಸಿಕೊಳ್ಳುವುದು ನಿಮ್ಮ ಕರ್ತವ್ಯ! ವಿದ್ಯಾರ್ಥಿನಿ ತಿಳಿದುಕೊಂಡದ್ದನ್ನು ಚಿಕಿತ್ಸೆ ಮತ್ತು ಕಲಿಕೆಯ ಹೊರತು ಬೇರೆಲ್ಲೂ ಆಡತಕ್ಕದ್ದಲ್ಲ. ಆಕೆಗೆ ಹೇಳಲು ಸಂಕೋಚವಾದರೆ ಹಿರಿಯ ಸಿಸ್ಟರ್ ಅಥವಾ ವೈದ್ಯರಿಗೆ ಹೇಳಿರಿ, ಮುಚ್ಚಿಡಬೇಡಿರಿ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿನ ವಾಡಿಕೆ. ಕಾರ್ಕಳದ ಸೊಸೆ ಕಾಪುವಿನ ತವರಿಗೆ ಹೊರಟಾಗ ತಾಯಿ ಕಾರ್ಡು ಗಂಡನ ಮನೆಯ ಕಪಾಟಿನಲ್ಲೇ ಉಳಿದರೆ, ದಾದಿಗೆ ಓದಲು ಏನಿದೆ? ಸೀರೆಗಳಿಗಿಂತ ಮೊದಲು ಕಾರ್ಡು, ಔಷಧಿ ಚೀಟಿ, ಸೇವಿಸುತ್ತಿರುವ ಮಾತ್ರೆಗಳು ಚೀಲ ಸೇರಲಿ. ಹಿಂದೆ ಯಾವುದಾದರೂ ಮದ್ದು ಒಗ್ಗದೆ ಮೈಮೇಲೆ ದದ್ದು ಎದ್ದಿದ್ದರೆ, ಅದರ ಹೆಸರನ್ನು ಆ ಕಾರ್ಡಿನಲ್ಲಿಯೇ ಬರೆಯಿಸಿಕೊಳ್ಳಿರಿ.