ಅಮ್ಮಂದಿರೂ ಕಲಿತ ಶಿಶುಶಾಲೆ

ಅಳುವ ಮಗುವನ್ನು ಶಿಶುವಿಹಾರದ ಒಳಗೆ ದಾಟಿಸಿ, ಅದರ ಮುಷ್ಟಿಯಿಂದ ಸೆರಗು ಬಿಡಿಸಿಕೊಂಡು, ಹಿಂದೆ ತಿರುಗಿ ನೋಡದೆ ಬಂದ ಅಮ್ಮಂದಿರು ನಮ್ಮಲ್ಲಿ ಎಷ್ಟೋ ಜನ. ನಾನೂ ಹಾಗೆ ಬಂದವಳೇ. ಆ ಅಮ್ಮನನ್ನೂ ಒಳಗೆ ಕರೆದು, ಕೂರಲು ಮಣೆ ಕೊಟ್ಟು, ‘ನೀವೂ ಕಲಿಯುವುದಿದೆ ಬನ್ನಿ’ ಎಂದ ಶಾಲೆಯೊಂದಿದೆ ಎಂದು ಓದಿದ ದಿನದಿಂದ ಅದರ ಕತೆಯನ್ನು ಹುಡುಕುತ್ತಲೇ ಇದ್ದೇನೆ. ಇವತ್ತು ಅದನ್ನೇ ನಿಮ್ಮ ಮುಂದಿಡುತ್ತೇನೆ. ದೇಶ ದೂರದ ನ್ಯೂಜಿಲೆಂಡ್. ಶಾಲೆಯ ಹೆಸರು ಪ್ಲೇಸೆಂಟರ್, ಅಂದರೆ ಆಟದ ಮನೆ.

1941ನೇ ಇಸವಿ, ಎರಡನೇ ಮಹಾಯುದ್ಧದ ಕಾಲ. ಎಷ್ಟೋ ಮನೆಗಳ ಗಂಡಸರು ಸೇನೆ ಸೇರಿ ಸಮುದ್ರದಾಚೆ ಹೋಗಿದ್ದರು. ಪೆಟ್ರೋಲಿಗೂ ರೇಷನ್. ಪುಟ್ಟ ಮಕ್ಕಳನ್ನು ಕಟ್ಟಿಕೊಂಡ ಹೆಂಗಸಿಗೆ ಬೆಳಗಿನಿಂದ ರಾತ್ರಿಯವರೆಗೆ ಮಾತಿಗೂ ಒಂದು ಜೊತೆ ಇಲ್ಲ. ವೆಲಿಂಗ್ಟನ್ ನಗರದ ಕರೋರಿ ಬಡಾವಣೆಯಲ್ಲಿ ಮೂವರು ಹೆಂಗಸರು ಇದಕ್ಕೊಂದು ದಾರಿ ಹುಡುಕಿದರು: ಇಂಗೆ ಸ್ಮಿಥೆಲ್ಸ್, ಜೋನ್ ವುಡ್, ಬಿಯಾಟ್ರಿಸ್ ಬೀಬಿ. ಈ ಬಿಯಾಟ್ರಿಸ್ ಅವರ ಗಂಡ ಇಡೀ ದೇಶದ ಶಿಕ್ಷಣ ಇಲಾಖೆಯ ನಿರ್ದೇಶಕ. ಆದರೂ ಈ ಹೆಂಗಸರು ಇಲಾಖೆ ಶಾಲೆ ಕಟ್ಟಿಕೊಡಲಿ ಎಂದು ಕಾದು ಕೂರಲಿಲ್ಲ. ಮಕ್ಕಳನ್ನೆಲ್ಲ ಒಂದೆಡೆ ಸೇರಿಸಿ, ಸರದಿಯ ಮೇಲೆ ತಾವೇ ನೋಡಿಕೊಳ್ಳುವ ಏರ್ಪಾಡು ಮಾಡಿದರು. ಸರದಿ ಇದ್ದವರು ಮಕ್ಕಳ ಜೊತೆ, ಇಲ್ಲದವರಿಗೆ ಒಂದು ಬೆಳಗ್ಗೆ ಬಿಡುವು.

ಇಲ್ಲಿಗೇ ನಿಂತಿದ್ದರೆ ಅದೊಂದು ಮುಯ್ಯಿಯ ಲೆಕ್ಕವಾಗಿ ಯುದ್ಧದ ಜೊತೆಗೇ ಮುಗಿದುಹೋಗುತ್ತಿತ್ತು. ಆದರೆ ಪ್ರಶ್ನೆಯೊಂದು ಎದ್ದಿತು. ತನ್ನ ಮಗುವನ್ನು ಬೆಳೆಸಿ ಗೊತ್ತು, ಸರಿ. ಇಪ್ಪತ್ತು ಮಕ್ಕಳ ನಡುವೆ ನಿಂತಾಗ ಏನು ಮಾಡಬೇಕು? ಒಬ್ಬ ಕಚ್ಚುತ್ತಾನೆ, ಒಬ್ಬಳು ಮೂಲೆ ಬಿಟ್ಟು ಏಳುವುದಿಲ್ಲ, ಇನ್ನೊಬ್ಬ ಬಣ್ಣವನ್ನೆಲ್ಲ ಮೈಗೇ ಬಳಿದುಕೊಳ್ಳುತ್ತಾನೆ. ಹಾಗಾದರೆ ಮೊದಲು ಕಲಿಯಬೇಕಾದವರು ದೊಡ್ಡವರು.

ಇಲ್ಲಿ ಬರುತ್ತಾರೆ ಗ್ವೆನ್ ಸಾಮರ್‌ಸೆಟ್. ನನಗೆ ಬಹಳ ಪ್ರಿಯವಾದ ಹೆಸರು. 1894ರಲ್ಲಿ ಹುಟ್ಟಿದವರು. ಆಕ್ಸ್‌ಫರ್ಡ್ ಎಂಬ ನ್ಯೂಜಿಲೆಂಡ್ ಹಳ್ಳಿಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿದರು. ಸಾಲಾಗಿ ಕೂರಿಸಿ ಬಾಯಿಪಾಠ ಮಾಡಿಸುತ್ತಿದ್ದ ಕಾಲದಲ್ಲೇ ಆಟದಿಂದ ಕಲಿಸಿದವರು. 1938ರಲ್ಲಿ ಅವರೂ ಅವರ ಗಂಡ ಕ್ರಾಫರ್ಡ್ ಅವರೂ ಫೀಲ್ಡಿಂಗ್ ಎಂಬ ಊರಿಗೆ ಹೋಗಿ, ವಯಸ್ಕರಿಗಾಗಿ ಒಂದು ಸಮುದಾಯ ಕೇಂದ್ರ ನಡೆಸಿದರು. ಅಲ್ಲಿ ರೈತರು, ಗೃಹಿಣಿಯರು ನಾಟಕ ಆಡಿದರು, ಕಸುಬು ಕಲಿತರು, ಚರ್ಚೆಗೆ ಕೂತರು. ಜೊತೆಗೇ ಮಕ್ಕಳ ಆಟದ ಗುಂಪು. ಮಕ್ಕಳ ಆಟವನ್ನು ಅಮ್ಮಂದಿರು ಕೂತು ನೋಡಬೇಕು, ನೋಡಿದ್ದರ ಬಗ್ಗೆ ಮಾತಾಡಬೇಕು. ಆಟವೇ ಅವರಿಗೆ ಪಠ್ಯಪುಸ್ತಕ.

ನೋಡುವುದರಲ್ಲಿ ಏನು ಮಹಾ ಅನ್ನಬೇಡಿ. ಮೂರು ವರ್ಷದ ಮಗು ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಯುತ್ತಿದೆ ಅಂತಿಟ್ಟುಕೊಳ್ಳಿ. ನಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? ‘ಚೆಲ್ಲಬೇಡ!’ ಆ ಮಾತನ್ನು ತಡೆದು, ಒಂದು ನೋಟ್‌ಬುಕ್ ಹಿಡಿದು ಹತ್ತು ನಿಮಿಷ ಸುಮ್ಮನೆ ಕೂತರೆ ಬೇರೆಯೇ ಕಾಣುತ್ತದೆ. ದೊಡ್ಡ ಲೋಟದ ನೀರು ಚಿಕ್ಕದರಲ್ಲಿ ಹಿಡಿಸುತ್ತಿಲ್ಲ. ಮಗು ನಿಲ್ಲಿಸುತ್ತದೆ, ಎರಡನ್ನೂ ನೋಡುತ್ತದೆ, ಮತ್ತೆ ಸುರಿಯುತ್ತದೆ, ಈ ಸಲ ನಿಧಾನ. ಅದು ಅಳತೆ ಕಲಿಯುತ್ತಿದೆ. ಅಮ್ಮ ತನ್ನ ಮಗುವನ್ನು ಓದಲು ಕಲಿಯುತ್ತಿದ್ದಾಳೆ. ಪ್ಲೇಸೆಂಟರಿನ ತರಬೇತಿಯ ಬೇರು ಇಲ್ಲಿದೆ.

1948ರಲ್ಲಿ, ಅಷ್ಟರೊಳಗೆ ಬೇರೆ ಊರುಗಳಿಗೂ ಹರಡಿದ್ದ ಪ್ಲೇಸೆಂಟರುಗಳು ಒಕ್ಕೂಟವಾದಾಗ ಗ್ವೆನ್ ಅವರೇ ಮೊದಲ ಅಧ್ಯಕ್ಷೆ. ಮರುವರ್ಷ ‘ಐ ಪ್ಲೇ ಆ್ಯಂಡ್ ಐ ಗ್ರೋ’ ಎಂಬ ಪುಸ್ತಕ ಬರೆದರು. ಆಡುತ್ತೇನೆ, ಬೆಳೆಯುತ್ತೇನೆ ಎಂದು ಮಗುವೇ ಹೇಳುವ ಹಾಗಿದೆ ಹೆಸರು. ತರಬೇತಿಗೆ ಒಂದು ಕ್ರಮ ಬಂತು. ಮಕ್ಕಳು ಮಲಗಿದ ಮೇಲೆ ಸಂಜೆಯ ತರಗತಿ. ದೊಡ್ಡವರೇ ಮರಳಿಗೆ ಕೈಹಾಕಬೇಕು, ಜೇಡಿಮಣ್ಣು ತಟ್ಟಬೇಕು, ಬೆರಳಿನಲ್ಲಿ ಬಣ್ಣ ಬಳಿಯಬೇಕು. ಸುತ್ತಿಗೆ ಗರಗಸಗಳ ಮರಗೆಲಸವೂ ಅಲ್ಲಿನ ಮಕ್ಕಳ ಆಟವೇ, ಆದ್ದರಿಂದ ಅಮ್ಮನೂ ಮೊಳೆ ಹೊಡೆಯಬೇಕು. ಮೊದಲು ಸಹಾಯಕಿ, ಆಮೇಲೆ ಕೇಂದ್ರ ನಡೆಸುವವಳು, ಕೊನೆಗೆ ಹೊಸ ಅಮ್ಮಂದಿರಿಗೆ ಕಲಿಸುವವಳು. ನಿನ್ನೆ ನೆಲ ಗುಡಿಸಿದವಳು ನಾಳೆ ಗುರು.

1960ರ ದಶಕದಲ್ಲಿ ಲೆಕ್ಸ್ ಗ್ರೇ ಎಂಬುವರು ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಊರುಗಳಿಗೆ ಹೋಗಿ, ಅಲ್ಲಿನ ಅಪ್ಪ ಅಮ್ಮಂದಿರೇ ಕೇಂದ್ರ ಕಟ್ಟಲು ಜೊತೆ ನಿಂತರು. 1982ರಲ್ಲಿ ಮಾವೊರಿಗಳು ತಮ್ಮ ನುಡಿಯನ್ನು ಉಳಿಸಿಕೊಳ್ಳಲು ‘ಕೋಹಂಗಾ ರೆಯೊ’, ಅಂದರೆ ನುಡಿಯ ಗೂಡು, ಎಂಬ ಶಿಶುಶಾಲೆಗಳನ್ನು ಶುರುಮಾಡಿದಾಗ, ಪ್ಲೇಸೆಂಟರಿನಲ್ಲಿ ಪಳಗಿದ ಹೆಂಗಸರೂ ಅದರಲ್ಲಿದ್ದರು. ಒಮ್ಮೆ ಶಾಲೆ ನಡೆಸಿ ಗೊತ್ತಿದ್ದವರಿಗೆ ಇನ್ನೊಂದು ಶಾಲೆಗೆ ಕೈಹಾಕುವ ಧೈರ್ಯ ಇರುತ್ತದೆ.

ಆಮೇಲಿನದ್ದು ಸಮಿತಿ, ವರದಿ, ಅನುದಾನದ ಕತೆ. ಬೇಗ ಹೇಳಿಬಿಡುತ್ತೇನೆ. ಮೂವತ್ತಕ್ಕೂ ಹೆಚ್ಚು ಪ್ರಾದೇಶಿಕ ಸಂಘಗಳು ಕೊನೆಗೆ ಒಂದೇ ಸಂಸ್ಥೆಯಾದವು. ತಾವೇ ಕೊಡುತ್ತಿದ್ದ ಪ್ರಮಾಣಪತ್ರದ ಜಾಗದಲ್ಲಿ ರಾಷ್ಟ್ರಮಟ್ಟದ ಮಾನ್ಯತೆಯ ಕೋರ್ಸು ಬಂತು. ಕಲಿಯುವ ತಂದೆತಾಯಿಗೆ ಶುಲ್ಕವಿಲ್ಲ ಎಂಬುದು ಮಾತ್ರ ಉಳಿದಿದೆ, ಸಮಾಧಾನ.

ಆದರೆ ನನಗೊಂದು ಕೊರಗಿದೆ. ಈಗ ಅಲ್ಲೂ ಅಪ್ಪ ಅಮ್ಮ ಇಬ್ಬರೂ ಬೆಳಗಾದರೆ ಕೆಲಸಕ್ಕೆ ಓಡುವವರು. ದಿನವಿಡೀ ಮಗುವನ್ನು ನೋಡಿಕೊಳ್ಳುವ ಕೇಂದ್ರಗಳು ಹೆಚ್ಚಿವೆ, ಪ್ಲೇಸೆಂಟರಿನ ಮಕ್ಕಳು ಕಡಿಮೆಯಾಗಿದ್ದಾರೆ. ಸರದಿಗೆ ಬರಲು ಬಿಡುವಿಲ್ಲದವರನ್ನು ಹೇಗೆ ದೂರುವುದು? ದುಡಿಯುವವರ ಸಮಯಕ್ಕೆ ಬೆಲೆಯಿದೆ, ಮಗುವನ್ನು ನೋಡುತ್ತಾ ಕೂತ ಸಮಯಕ್ಕೆ ಯಾರೂ ಬೆಲೆ ಕಟ್ಟಲಿಲ್ಲ. ಈ ಲೆಕ್ಕ ತಪ್ಪು ಎಂದೇ ನನ್ನ ನಂಬಿಕೆ.

ಗ್ವೆನ್ 1988ರಲ್ಲಿ, ತೊಂಬತ್ತು ದಾಟಿದ ಮೇಲೆ, ತೀರಿಕೊಂಡರು. ಅವರು ಹೇಳಿಕೊಟ್ಟ ಮೊದಲ ಪಾಠಕ್ಕೆ ಶಾಲೆಯೂ ಬೇಡ, ಪ್ರಮಾಣಪತ್ರವೂ ಬೇಡ. ನಾಳೆ ನಿಮ್ಮ ಮಗುವೋ ಮೊಮ್ಮಗುವೋ ಬಕೆಟ್ಟಿನ ಮುಂದೆ ಕೂತಾಗ ಹತ್ತು ನಿಮಿಷ ಪಕ್ಕದಲ್ಲಿ ಕೂತುಕೊಳ್ಳಿ. ತಿದ್ದಬೇಡಿ, ಹೊಗಳಲೂ ಬೇಡಿ. ಸುಮ್ಮನೆ ನೋಡಿ. ಚೆಲ್ಲಿದ ನೀರನ್ನು ಆಮೇಲೆ ಒರೆಸಿದರಾಯಿತು.